ಹೋದ ಕಾರು, ಬಂದ ಕಾರು

ನಮ್ಮಪ್ಪ ನಲವತ್ತು ವರ್ಷ ಕಾರು ಮಾಡಿದರು. ಒಂದೂ ಓಡಲಿಲ್ಲ.

ಕೆಲಸ ಬರದವರೆಂದಲ್ಲ. ಓಡದ ಕಾರು ಮಾಡುವುದೇ ಅವರ ಕೆಲಸವಾಗಿತ್ತು. ಮೋಟಾರ್ ಶೋಗಳಲ್ಲಿ ತಿರುಗುವ ವೇದಿಕೆಯ ಮೇಲೆ, ದೀಪಗಳ ಕೆಳಗೆ ಒಂದು ಕಾರು ಇಟ್ಟಿರುತ್ತಾರಲ್ಲ, ಮುಂದೆಂದೋ ಹೀಗೂ ಒಂದು ಬರಬಹುದು ಎಂದು ಜನರ ಬಾಯಲ್ಲಿ ನೀರೂರಿಸುವ ಕಾನ್ಸೆಪ್ಟ್ ಕಾರು, ಅದಕ್ಕೆ ಮೊದಲು ಮಣ್ಣಿನಲ್ಲಿ ರೂಪ ಕೊಡುವವರು ಅವರು. ಮಣ್ಣೆಂದರೆ ಹೊಲದ ಮಣ್ಣಲ್ಲ. ಮೇಣ ಬೆರೆಸಿದ, ಚಾಕೊಲೇಟ್ ಬಣ್ಣದ, ಬಿಸಿ ಮಾಡಿದರೆ ಬೆಣ್ಣೆಯಾಗಿ ಆರಿದರೆ ಸೋಪಾಗುವ ಕ್ಲೇ. ಅದನ್ನು ಮೆತ್ತಿ, ಕೆರೆದು, ಸವರಿ ನಿಜವಾದ ಕಾರಿನಷ್ಟೇ ದೊಡ್ಡ ಕಾರು ಮಾಡಬೇಕು. ಅದರ ಮೇಲಿಂದ ಅಚ್ಚು ತೆಗೆದು, ಫೈಬರಿನಲ್ಲಿ ಎರಕ ಹೊಯ್ದು, ಬಣ್ಣ ಬಳಿದು ಶೋಗೆ ಕಳಿಸುತ್ತಾರೆ. ಶೋ ಮುಗಿದ ಮೇಲೆ ಕಾರು ಲಾರಿಯಲ್ಲಿ ವಾಪಸು ಬರುತ್ತದೆ, ಗೋದಾಮಿನಲ್ಲಿ ಸ್ವಲ್ಪ ಕಾಲ ದೂಳು ತಿನ್ನುತ್ತದೆ, ಕೊನೆಗೆ ಜಾಗ ಸಾಲದೆಂದು ಪುಡಿಯಾಗುತ್ತದೆ. ಪುಡಿ ಮಾಡುವ ದಿನ ಅಪ್ಪ ತಪ್ಪದೆ ರಜೆ ಹಾಕುತ್ತಿದ್ದರು. ಮನೆಯಲ್ಲಿ ಕೂತು ಅಮ್ಮನ ಅಡುಗೆಮನೆಯ ಚಾಕುಗಳನ್ನೆಲ್ಲ ಮಸೆಯುತ್ತಿದ್ದರು.

"ಇಷ್ಟು ಕಾರು ಮಾಡಿದ್ರಲ್ಲ," ಎನ್ನುತ್ತಿದ್ದಳು ಅಮ್ಮ, "ಮನೆಗೆ ಒಂದು ಕಿಲೊ ಈರುಳ್ಳಿ ತಂದ ಕಾರು ಯಾವುದಾದರೂ ಇದ್ದರೆ ಹೇಳಿ."

ಅಪ್ಪ ಮಸೆಯುತ್ತಲೇ ಇರುತ್ತಿದ್ದರು. ಚಾಕು ಇನ್ನಷ್ಟು ಹರಿತವಾಗುತ್ತಿತ್ತು.

ನಾನು ಅದೇ ಕಂಪನಿಯಲ್ಲಿ, ಸ್ಟುಡಿಯೊದಿಂದ ರಸ್ತೆಯಾಚೆಗಿರುವ ಶೆಡ್ಡಿನಲ್ಲಿ ಇಂಜಿನಿಯರ್. ಅಲ್ಲಿ ಓಡುವ ಕಾರು ಮಾಡುತ್ತಾರೆ. ನನ್ನ ಹೆಂಡತಿ ಈಚೆ, ಸ್ಟುಡಿಯೊದಲ್ಲಿ, ಅಪ್ಪನ ಪಕ್ಕದಲ್ಲೇ ಕ್ಲೇ ಕೆರೆಯುವವಳು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪ ದಿನಾ ಸಂಜೆ ಮನೆಗೆ ಬಂದು ಅವಳನ್ನು ಬೈಯುತ್ತಿದ್ದರು. "ಆ ಹುಡುಗಿಗೆ ಗೆರೆ ಎಳೆಯೋಕೆ ಬರಲ್ಲ. ಗೆರೆ ಅಂದ್ರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಬೇಕು. ಅವಳದ್ದು ದಾರೀಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತೆ." ಇಷ್ಟು ಬೈಸಿಕೊಳ್ಳುವವಳು ಯಾರೆಂದು ನೋಡಲು ಒಂದು ದಿನ ರಸ್ತೆ ದಾಟಿದೆ. ಅವಳು ಒಂದು ಚಕ್ರದ ಕಮಾನಿನ ಕೆಳಗೆ ಅಂಗಾತ ಮಲಗಿದ್ದಳು, ಮೂಗಿನ ಮೇಲೆ ಚಾಕೊಲೇಟ್ ಬಣ್ಣದ ಬೊಟ್ಟು. "ನೀನು ಅವರ ಮಗಾನಾ?" ಎಂದಳು ಕೆಳಗಿನಿಂದಲೇ. "ಪಾಪ." ನಮ್ಮ ಮದುವೆಗೆ ಅಪ್ಪನ ಬೈಗುಳವೇ ಕಾರಣ ಎಂದು ಅಮ್ಮ ಇವತ್ತಿಗೂ ಎಲ್ಲರೆದುರು ಹೇಳುತ್ತಾಳೆ.

ಇನ್ನು ಈ ಕಥೆಯ ಕಾರು. ತೆರೆದ ತಲೆಯ, ಎರಡೇ ಸೀಟಿನ ರೋಡ್‌ಸ್ಟರ್. ತಾತಂದಿರ ಕಾಲದ ಫೋಟೊದಿಂದ ಎದ್ದು ಬಂದಂತಿರಬೇಕು, ಆದರೆ ನಾಳೆ ಬೆಳಿಗ್ಗೆ ಹುಟ್ಟಿದಂತಿರಬೇಕು ಎಂದು ಅಪ್ಪಣೆಯಾಗಿತ್ತು. ದುಂಡು ದೀಪ, ತಂತಿ ಕಡ್ಡಿಯ ಚಕ್ರ, ಬಾನೆಟ್ಟಿಗೆ ಚರ್ಮದ ಬೆಲ್ಟು, ಬೆಣ್ಣೆ ಬಣ್ಣ. ನಿವೃತ್ತಿಗೆ ಮುಂಚೆ ಅಪ್ಪನ ಕೊನೆಯ ಕಾರು. ನನ್ನವಳಿಗೆ ಇಡೀ ಒಂದು ಬದಿಯನ್ನು ಒಪ್ಪಿಸಿದ ಮೊದಲ ಕಾರು.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕಾರಿನ ಅರ್ಧ ಭಾಗ ಮಾತ್ರ ಮಾಡುತ್ತಾರೆ, ಎಡವೋ ಬಲವೋ. ನಡುವೆ ಆಳೆತ್ತರದ ಕನ್ನಡಿ ನಿಲ್ಲಿಸಿದರೆ ಇಡೀ ಕಾರು ಕಾಣುತ್ತದೆ. ಎಲ್ಲರೂ ಒಪ್ಪಿದ ಮೇಲೆ ಆ ಅರ್ಧದ ಉಬ್ಬು ತಗ್ಗುಗಳಿಗೆ ಪ್ಲೈವುಡ್ಡಿನ ಟೆಂಪ್ಲೇಟುಗಳನ್ನು ಕತ್ತರಿಸಿ, ಅವನ್ನು ಒತ್ತಿ ಒತ್ತಿ ನೋಡುತ್ತ ಇನ್ನೊಂದು ಬದಿಯನ್ನು ಅದರಂತೆಯೇ ಕೆರೆಯುತ್ತಾರೆ. ಈ ಸಲ ಶೋ ಗೊತ್ತಾದ ದಿನಕ್ಕಿಂತ ಮೊದಲೇ ಬಂತು, ಸಮಯ ಸಾಲದಾಯಿತು. ಕನ್ನಡಿ ಮೂಲೆ ಸೇರಿತು. ಎರಡೂ ಬದಿ ಒಟ್ಟಿಗೇ ಶುರುವಾಯಿತು, ಬಲಗಡೆ ಅಪ್ಪ, ಎಡಗಡೆ ಸೊಸೆ.

ಸ್ಟುಡಿಯೊದ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಆಯ್ತಾಯ್ತು ಎಂದು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುವುದು ಅದೇ. ಅಪ್ಪ ಹೋಗಿ, "ನನ್ನ ಕಡೆಯದೇ ಮೂಲ ತಾನೆ? ಅವಳು ನನ್ನದನ್ನ ನೋಡಿ ಮಾಡ್ತಾಳೆ ತಾನೆ?" ಎಂದರು. "ಆಯ್ತಾಯ್ತು." ಹತ್ತು ನಿಮಿಷ ಬಿಟ್ಟು ಅವಳು ಹೋಗಿ, "ನನ್ನ ಕಡೆಯದೇ ಮೂಲ ಅಲ್ವಾ ಸರ್? ಮಾವ ಅದಕ್ಕೆ ಹೊಂದಿಸ್ತಾರೆ ಅಲ್ವಾ?" ಎಂದಳು. "ಆಯ್ತಾಯ್ತು." ಇಬ್ಬರೂ ಖುಷಿಯಾಗಿ ಹಿಂದಿರುಗಿದರು. ಇಬ್ಬರೂ, ಇನ್ನೊಬ್ಬರು ಇವತ್ತು ಬರಬಹುದು, ನಾಳೆ ಬರಬಹುದು, ಅಳತೆ ತೆಗೆದುಕೊಳ್ಳಲು ಈಚೆ ಬದಿಗೆ ಬರಲೇಬೇಕಲ್ಲ ಎಂದು ಕಾದರು. ಕೇಳಿದರೆ ಮರ್ಯಾದೆ ಹೋಗುತ್ತದೆಂದು ಇಬ್ಬರೂ ಕೇಳಲಿಲ್ಲ. ಕಾಯುತ್ತಿರುವಾಗಲೇ ಅಚ್ಚು ತೆಗೆಯುವವರು ಬಂದುಬಿಟ್ಟರು.

ಬಾನೆಟ್ಟಿನ ನಡುವೆ ಎರಡು ಬದಿಗಳು ಕೂಡುವಲ್ಲಿ ಬೆರಳಗಲದ ಏರುಪೇರು ಕಂಡಿತಂತೆ. ಅವಸರದಲ್ಲಿ ಏನೋ ಜಾರಿರಬೇಕೆಂದು ಆಯ್ತಾಯ್ತು ಅದರ ಮೇಲೆ ಉದ್ದಕ್ಕೂ ಒಂದು ಕ್ರೋಮ್ ಪಟ್ಟಿ ಕೂರಿಸಿದರು. ಶೋದಲ್ಲಿ ಪತ್ರಿಕೆಯವರು ಮನಸೋತದ್ದು ಆ ಪಟ್ಟಿಗೆ. ಕಳೆದುಹೋದ ಕಾಲವೊಂದರ ಬೆಳ್ಳಿಯ ಬೈತಲೆ ಎಂದೊಬ್ಬರು ಬರೆದರು.

ಇಷ್ಟು ಜನ ನೋಡಿದರೂ ಒಬ್ಬರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಒಂದು ಕಾರಿನ ಎಡ ಮತ್ತು ಬಲ ಬದಿಗಳನ್ನು ಒಟ್ಟಿಗೆ ನೋಡಿದವರು ಯಾರಿದ್ದಾರೆ? ಒಂದನ್ನು ನೋಡಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮಸುಕು ನೆನಪಷ್ಟೇ ಆಗಿರುತ್ತದೆ. ಅದೂ ವೇದಿಕೆ ತಿರುಗುತ್ತಿತ್ತು, ಬೆಳಕು ಕುಣಿಯುತ್ತಿತ್ತು, ಜನ ಹಿಗ್ಗಿನಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು.

ಕಂಪನಿಯ ಒಡತಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ನಾಲ್ಕೂವರೆ ಅಡಿ ಎತ್ತರ. ಮಾತು ಅದಕ್ಕಿಂತಲೂ ಚಿಕ್ಕದು. ಅವರು ಶೋದಲ್ಲಿ ಆ ಕಾರಿನ ಮುಂದೆ ನಿಂತು, "ಇದನ್ನ ಮಾಡೋಣ. ನೂರೇ ನೂರು. ಕೈಯಲ್ಲೇ," ಎಂದರು.

ಆ ಸಂಜೆ ಅಪ್ಪ ಮನೆಗೆ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಒಂದು ಬೂಟು ಬಿಚ್ಚಿದರು. ಇನ್ನೊಂದನ್ನು ಬಿಚ್ಚುವುದು ಮರೆತುಹೋಯಿತು. ಬಿಚ್ಚಿದ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

"ಓಡುತ್ತಂತೆ ಕಣೋ," ಎಂದರು.

"ಹೌದಪ್ಪ."

"ರಸ್ತೇಲಿ?"

"ರಸ್ತೇಲೇ ಅಪ್ಪ. ಇನ್ನೆಲ್ಲಿ?"

"ಅಲ್ಲ, ಕೇಳಿದೆ ಅಷ್ಟೆ." ಬೂಟನ್ನು ಒಂದು ಸಲ ತಟ್ಟಿ, ಅದನ್ನೇ ಮತ್ತೆ ಕಾಲಿಗೆ ಹಾಕಿಕೊಂಡು ಕಟ್ಟಿಕೊಂಡರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನವಳು ಅದನ್ನು ನೋಡಿದಳು. ಎಂದಿನ ಹಾಗೆ ರೇಗಿಸದೆ ಒಳಗೆ ಹೋದಳು.

ಓಡುವ ಕಾರಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುಣಿದಾಡಿಬಿಟ್ಟೆ. ಶೆಡ್ಡಿನಲ್ಲಿ ಎಂಜಿನ್ನಿನವರನ್ನು, ಸಸ್ಪೆನ್ಷನ್ನಿನವರನ್ನು ತಬ್ಬಿಕೊಂಡೆ. ಪೇಂಟಿನವನನ್ನು ತಬ್ಬಿಕೊಂಡು ಅಂಗಿ ಹಾಳುಮಾಡಿಕೊಂಡೆ. ನಮ್ಮ ಕಡೆಯ ಪದ್ಧತಿ ಸರಳ. ಕ್ಲೇ ಮಾಡೆಲಿನ ಒಂದು ಬದಿಯನ್ನು ಲೇಸರಿನಿಂದ ಸ್ಕ್ಯಾನ್ ಮಾಡುವುದು, ಕಂಪ್ಯೂಟರಿನಲ್ಲಿ ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಬದಿ ಪಡೆಯುವುದು. ಎಡಬದಿ ಸ್ಕ್ಯಾನ್ ಮಾಡಿದೆ, ತಿರುಗಿಸಿದೆ. ತಾಳೆ ನೋಡಲು ಬಲಬದಿಯನ್ನೂ ಸ್ಕ್ಯಾನ್ ಮಾಡಿ ಅದರ ಮೇಲೆ ಕೂರಿಸಿದೆ. ಹೊಂದಿದ ಕಡೆ ಹಸಿರು, ಹೊಂದದ ಕಡೆ ಕೆಂಪು ಬರುತ್ತದೆ.

ಪರದೆ ಟೊಮೆಟೊ ಆಯಿತು.

ಯಂತ್ರ ಕೆಟ್ಟಿದೆಯೆಂದುಕೊಂಡೆ. ಇನ್ನೊಂದು ತರಿಸಿದೆ. ಮತ್ತೆ ಟೊಮೆಟೊ. ಆಗ ಟೇಪು ಹಿಡಿದು ಸ್ಟುಡಿಯೊಗೆ ಹೋಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಆ ಕಾರನ್ನು ನಿಜವಾಗಿ ನೋಡಿದೆ. ಬಲಗಡೆ ಅಪ್ಪನ ಗೆರೆ. ದೀಪದ ಹುಬ್ಬಿನಿಂದ ಹೊರಟು ಬಾಲದವರೆಗೆ ಎಲ್ಲೂ ನಿಲ್ಲದೆ, ಬಿಗಿದ ತಂತಿಯಂತೆ, ಎತ್ತರದ ಬಾಗಿಲ ಮೇಲಿಂದ ಒಂದೇ ಉಸಿರಿಗೆ ಹೋಗುತ್ತದೆ. ಎಡಗಡೆ ನನ್ನವಳ ಗೆರೆ. ಅದೇ ದೀಪದಿಂದ ಹೊರಡುತ್ತದೆ, ಬಾಗಿಲ ಬಳಿ ಬಂದು ಜಾರಿ ಕೆಳಗಿಳಿಯುತ್ತದೆ, ಹಿಂದಿನ ಚಕ್ರದ ಮೇಲೆ ಮತ್ತೆ ಭುಜ ಕುಣಿಸಿ ಏಳುತ್ತದೆ. ಒಂದು ಕಡೆಯಿಂದ ನೋಡಿದರೆ ಕಾರು, ರೈಲು ತಪ್ಪಬಾರದೆಂದು ಓಡುತ್ತಿರುವವನಂತಿತ್ತು. ಇನ್ನೊಂದು ಕಡೆಯಿಂದ ನೋಡಿದರೆ, ರೈಲು ತಪ್ಪಿದ್ದು ಒಳ್ಳೆಯದೇ ಆಯಿತೆಂದು ಅಡ್ಡಾಡುತ್ತಿರುವವಳಂತಿತ್ತು.

ಆಯ್ತಾಯ್ತು ಸಾಹೇಬರಿಗೆ ತೋರಿಸಿದೆ. ಅವರ ಮುಖ ಕ್ಲೇ ಬಣ್ಣಕ್ಕೆ ತಿರುಗಿತು.

"ಆಯ್ತಾಯ್ತು. ಒಂದು ಕಡೆ ಇಟ್ಟುಕೊಂಡು ಇನ್ನೊಂದನ್ನ ಬಿಟ್ಟುಬಿಡಿ."

"ಯಾವುದನ್ನ ಸರ್?"

"ನೀವೇ ಇಂಜಿನಿಯರ್. ನೀವೇ ಆರಿಸಿ."

"ಸರ್, ಒಂದು ನಮ್ಮಪ್ಪಂದು. ಇನ್ನೊಂದು ನನ್ನ ಹೆಂಡತೀದು."

"ಅದಕ್ಕೇ ಹೇಳ್ತಿರೋದು. ಮನೆಯೊಳಗಿನ ವಿಷಯ. ನಾನು ಹೊರಗಿನವನು."

ದೊಡ್ಡಮ್ಮ ವಾರದ ಕೊನೆಗೆ ಮಾಡೆಲ್ ನೋಡಲು ಬರುವವರಿದ್ದರು. ಅಚ್ಚು ತೆಗೆಯುವಾಗ ಕ್ಲೇ ಅಲ್ಲಲ್ಲಿ ಕಿತ್ತುಬಂದಿತ್ತು. ಇಬ್ಬರೂ ತಮ್ಮ ತಮ್ಮ ಬದಿಯನ್ನು ರಿಪೇರಿ ಮಾಡಲಿ, ದೊಡ್ಡಮ್ಮ ಬಂದಾಗ ನಾನು ಎಡ ಅಥವಾ ಬಲ ಎಂದು ಹೇಳಿದರಾಯಿತು, ಎಂದು ತೀರ್ಮಾನವಾಯಿತು.

ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಎಡ ಎಂದರೆ ಅಪ್ಪನ ನಲವತ್ತು ವರ್ಷದಲ್ಲಿ ಒಂದೇ ಒಂದು ಗೆರೆಯೂ ರಸ್ತೆ ಕಾಣದೆ ಮುಗಿಯುತ್ತದೆ. ಬಲ ಎಂದರೆ ನನ್ನವಳ ಮೊದಲ ಗೆರೆ ಪುಡಿಯಾಗುತ್ತದೆ, ಅದನ್ನು ಪುಡಿ ಮಾಡಿದವನ ಜೊತೆ ಅವಳು ಮುಂದೆ ಬಾಳಬೇಕಾಗುತ್ತದೆ. ಆ ರಾತ್ರಿ ಊಟದ ಮೇಜಿನಲ್ಲಿ ಹೇಳಿಬಿಟ್ಟೆ.

ಅಪ್ಪ ಲೋಟ ಕೆಳಗಿಟ್ಟರು. "ಅವಳು ನನ್ನದನ್ನ ನೋಡೇ ಇಲ್ವಾ?"

"ನೀವು ನಂದನ್ನ ನೋಡಿದ್ರಾ ಮಾವ?"

"ನಾನ್ಯಾಕೆ ನೋಡ್ಲಿ? ನಂದೇ ಮೂಲ!"

"ನಂದೇ ಮೂಲ ಅಂತ ಸಾಹೇಬರು ಹೇಳಿದ್ರು!"

"ನನಗೂ ಹೇಳಿದ್ರು!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತಟ್ಟೆಯ ಕಡೆ ತಿರುಗಿದೆ.

"ಬಾಗಿಲು ಅಂದ್ರೆ ಬಾಗಿಲಿನ ಹಾಗಿರಬೇಕು," ಎಂದರು ಅಪ್ಪ. "ಅಷ್ಟು ಕೆಳಗೆ ಇಳಿಸಿದ್ದೀಯಂತಲ್ಲ, ಅದು ಬಾಗಿಲಾ, ಹೊಸ್ತಿಲಾ?"

"ಅಲ್ಲಿ ಮೊಣಕೈ ಇಡಬೇಕು ಮಾವ. ತೆರೆದ ಕಾರು ಯಾಕೆ ಓಡಿಸ್ತಾರೆ? ಮೊಣಕೈ ಹೊರಗಿಟ್ಟುಕೊಂಡು ಲೋಕಕ್ಕೆಲ್ಲ ತೋರಿಸೋಕೆ. ನಿಮ್ಮ ಬಾಗಿಲ ಹಿಂದೆ ಕೂತರೆ ಮೂಗು ಮಾತ್ರ ಹೊರಗೆ ಕಾಣುತ್ತೆ. ಬಾವಿಗೆ ಬಿದ್ದವರ ಹಾಗೆ."

"ಗೆರೆ ನಿಂತರೆ ಕಾರು ನಿಂತ ಹಾಗೆ!"

"ನಿಂತಿಲ್ಲ, ಉಸಿರು ತಗೊಂಡಿದೆ!"

"ನನಗೆ ಯಾವ ಬಾಗಿಲಾದ್ರೂ ಸರಿ," ಎಂದಳು ಅಮ್ಮ. "ತರಕಾರಿ ಚೀಲ ಇಡೋಕೆ ಜಾಗ ಇದೆಯಾ?"

"ಇಲ್ಲ," ಎಂದರು ಮಾವ ಸೊಸೆ ಇಬ್ಬರೂ ಒಟ್ಟಿಗೆ. ಆ ವಾರವೆಲ್ಲ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಮರುದಿನದಿಂದ ಮಾತು ನಿಂತಿತು. ಸ್ಟುಡಿಯೊದಲ್ಲಿ ಆಯ್ತಾಯ್ತು ಮಾಡೆಲಿನ ನಡು ಬೆನ್ನಿನ ಮೇಲಿಂದ ಒಂದು ದಪ್ಪ ಪರದೆಯನ್ನು ಚಾವಣಿಯಿಂದ ನೆಲದವರೆಗೆ ಇಳಿಬಿಡಿಸಿದರು. ಒಬ್ಬರ ಮುಖ ಒಬ್ಬರಿಗೆ ಕಂಡರೆ ಜಗಳ, ಕಾಣದಿದ್ದರೆ ಕೆಲಸ, ಎಂಬುದು ಅವರ ಲೆಕ್ಕ. ಪರದೆಯ ಈಚೆ ಅಪ್ಪ ಕೆರೆಯುವ ಸದ್ದು, ಆಚೆ ಅವಳು ಕೆರೆಯುವ ಸದ್ದು. ಸರ್ ಸರ್ ಎಂದು ಈಚೆ, ಸರ್ ಸರ್ ಎಂದು ಆಚೆ, ಎರಡು ಇಲಿಗಳು ಒಂದೇ ಗೋಡೆಯನ್ನು ಎರಡು ಕಡೆಯಿಂದ ಕೊರೆದ ಹಾಗೆ.

ಎರಡೂ ಬದಿಗಳು ಶೋದಲ್ಲಿ ಇದ್ದ ಹಾಗೆ ನಾನು ಟೆಂಪ್ಲೇಟುಗಳನ್ನು ಮೊದಲೇ ಕತ್ತರಿಸಿಟ್ಟಿದ್ದೆ. ಪರದೆ ಇಳಿದ ಮರುದಿನ ಬೆಳಿಗ್ಗೆ ಅಪ್ಪ ಶೆಡ್ಡಿಗೆ ಬಂದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಮ್ಮಿದರು.

"ಅವಳ ಕಡೆಯ ಟೆಂಪ್ಲೇಟ್ ಕೊಡು."

"ಯಾಕಪ್ಪ?"

"ನೋಡೋಕೆ. ಶತ್ರು ಹೇಗಿದ್ದಾನೆ ಅಂತ ಗೊತ್ತಿರಬೇಕಲ್ಲ."

ಕೊಟ್ಟೆ. ಮಧ್ಯಾಹ್ನ ನನ್ನವಳು ಬಂದಳು. ನನ್ನ ಡಬ್ಬಿಯಿಂದ ಬ್ರೆಡ್ಡಿನ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, "ಮಾವನ ಕಡೆಯ ಟೆಂಪ್ಲೇಟ್ ಎಲ್ಲಿ?" ಎಂದಳು.

"ನಿನಗ್ಯಾಕೆ?"

"ನಗಾಡೋಕೆ."

ಅವಳಿಗೂ ಕೊಟ್ಟೆ. ಸ್ಪರ್ಧೆ ಬಿಸಿಯೇರಿದೆ ಎಂದುಕೊಂಡೆ. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಒಂದು ವಿಚಿತ್ರ ಕಂಡೆ. ಇಬ್ಬರೂ ಮಾತಾಡುತ್ತಿರಲಿಲ್ಲ, ಆದರೆ ಇಬ್ಬರ ಮುಖದಲ್ಲೂ ಕಳ್ಳ ಸಂತೋಷ. ಅಪ್ಪ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದರು. ಅವಳು ಊಟದ ಮಧ್ಯೆ ಮಾವನ ತಟ್ಟೆಯನ್ನು ನೋಡಿ ಒಬ್ಬಳೇ ಮುಗುಳ್ನಗುತ್ತಿದ್ದಳು. ಇಬ್ಬರಿಗೂ ತಾವೇ ಗೆಲ್ಲುವುದೆಂದು ಗ್ಯಾರಂಟಿಯಾಗಿದೆ ಎಂದು ನನಗನ್ನಿಸಿತು. ನಾನು ಕನ್ನಡಿಯ ಮುಂದೆ ನಿಂತು ಎಡ ಎಂದು ಹೇಳಿ ನೋಡಿದೆ, ಬಲ ಎಂದು ಹೇಳಿ ನೋಡಿದೆ. ಎರಡಕ್ಕೂ ನನ್ನ ಮುಖ ಒಂದೇ ಥರ ಪೆಚ್ಚಾಗಿ ಕಂಡಿತು.

ದೊಡ್ಡಮ್ಮ ಬರುವ ದಿನ ಬಂತು. ಅವರ ಕಾರು ಗೇಟಿನೊಳಗೆ ಬಂದಿದೆಯೆಂದು ಫೋನ್ ಬಂದಾಗ ಸ್ಟುಡಿಯೊಗೆ ಓಡಿದೆ. ಅಪ್ಪ ಬಲಗಡೆ, ಅವಳು ಎಡಗಡೆ, ಇಬ್ಬರ ಕೈಯೂ ಇನ್ನೂ ಕ್ಲೇಯಲ್ಲಿ. ಕ್ಲೇ ಬಿಸಿ ಮಾಡುವ ಒಲೆಯ ಬಾಗಿಲು ತೆರೆದೇ ಇತ್ತು. "ಮುಗೀತು," ಎಂದರು ಅಪ್ಪ. "ಮುಗೀತು," ಎಂದಳು ಅವಳು. ಆಯ್ತಾಯ್ತು ಹಗ್ಗ ಎಳೆದು ಪರದೆ ಸರಿಸಿದರು.

ನಾನು ಬಲಬದಿಯಲ್ಲಿ ನಿಂತಿದ್ದೆ, ಅಪ್ಪನ ಬದಿಯಲ್ಲಿ. ಗೆರೆ ದೀಪದಿಂದ ಹೊರಟಿತು, ಬಾಗಿಲ ಬಳಿ ಬಂತು, ಜಾರಿ ಕೆಳಗಿಳಿಯಿತು.

"ಅಪ್ಪ," ಎಂದೆ, "ಇದು ಇವಳ ಗೆರೆ."

"ಹೂಂ ಕಣೋ." ಅಪ್ಪ ಕೆರೆಯುವ ಬ್ಲೇಡನ್ನು ಅಂಗಿಗೆ ಒರೆಸುತ್ತ ನೆಲ ನೋಡಿದರು. "ನನ್ನ ಕಡೆಯದನ್ನ ಅವಳದಕ್ಕೆ ಹೊಂದಿಸಿಬಿಟ್ಟೆ. ಈಗ ಎರಡೂ ಒಂದೇ. ನೀನು ಯಾರನ್ನೂ ಆರಿಸಬೇಕಾಗಿಲ್ಲ. ಪುಡಿಯಾಗೋದು ನನಗೆ ಅಭ್ಯಾಸ ಇದೆ. ಅವಳಿಗೆ ಮೊದಲನೇ ಸಲಾನೇ ಯಾಕೆ?"

ಕಾರಿನ ಆಚೆಯಿಂದ ಒಂದು ಸದ್ದು ಬಂತು, ಬಿಕ್ಕಿನದೋ ಕೇಕೆಯದೋ ತಿಳಿಯಲಿಲ್ಲ. "ಮಾವಾ! ಈ ಕಡೆ ಬನ್ನಿ!"

ಅಪ್ಪ ಹೋದರು, ನಾನು ಹಿಂದೆ ಹೋದೆ. ಎಡಬದಿಯಲ್ಲಿ ದೀಪದ ಹುಬ್ಬಿನಿಂದ ಬಾಲದವರೆಗೆ, ಎತ್ತರದ ಬಾಗಿಲ ಮೇಲಿಂದ, ಬಿಗಿದ ತಂತಿಯಂತೆ, ಒಂದೇ ಉಸಿರಿಗೆ, ಅಪ್ಪನ ಗೆರೆ.

"ನೀನ್ಯಾಕಮ್ಮ..." ಎಂದರು ಅಪ್ಪ.

"ಒಂದೇ ಬೂಟು ಬಿಚ್ಚಿ ಕೂತಿದ್ರಲ್ಲ ಆವತ್ತು," ಎಂದಳು ಅವಳು. "ನನಗೇನು, ಇನ್ನೂ ಮಾಡ್ತೀನಿ. ಹೊಂದಿಸಿಬಿಟ್ಟೆ ಅಂತ ಹೇಳಿ ನಿಮ್ಮನ್ನ ಬೇಸ್ತು ಬೀಳಿಸೋಣ ಅಂದ್ಕೊಂಡಿದ್ದೆ. ನೀವು ಅಲ್ಲಿ ಕೂತು... ಅಯ್ಯೋ ಮಾವ, ನಿಮಗೆ ಬುದ್ಧಿ ಇದೆಯಾ?"

"ನಿನಗಿದೆಯಾ?"

"ಗೆರೆ ಎಷ್ಟು ಕಷ್ಟ ಇದೆ ನಿಮ್ಮದು! ಎರಡು ಸಲ ಕಿತ್ತು ಹಾಕಿದೆ."

"ನಿಂದೇನು ಸುಲಭಾನಾ? ಆ ಇಳಿಜಾರಲ್ಲಿ ನನ್ನ ಸೊಂಟ ಹೋಯ್ತು!"

ಅಪ್ಪನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಇಡೀ ದೇಹದಲ್ಲಿ. ಅವಳು ನಗುತ್ತ ನೆಲಕ್ಕೆ ಕೂತೇಬಿಟ್ಟಳು. ಇಡೀ ವಾರದ ಕೆಲಸದ ಫಲ ಇಷ್ಟೇ ಆಗಿತ್ತು: ಎಡಗಡೆಯದು ಬಲಕ್ಕೆ ಹೋಗಿತ್ತು, ಬಲಗಡೆಯದು ಎಡಕ್ಕೆ ಬಂದಿತ್ತು, ಟೊಮೆಟೊ ಟೊಮೆಟೊ ಆಗಿಯೇ ಉಳಿದಿತ್ತು. ಆಯ್ತಾಯ್ತು ಸಾಹೇಬರ ಬಾಯಿಂದ ಈ ಸಲ ಆಯ್ತಾಯ್ತು ಬರಲಿಲ್ಲ. "ಮುಗೀತು," ಎಂದರು.

ಬಾಗಿಲು ತೆರೆಯಿತು. ದೊಡ್ಡಮ್ಮ ಒಳಗೆ ಬಂದು, ನೆಲದ ಮೇಲೆ ಕೂತವಳನ್ನೂ ಕಂಬ ಹಿಡಿದು ನಗುತ್ತಿದ್ದ ಅಪ್ಪನನ್ನೂ ದಾಟಿ, ಕಾರಿಗೆ ಒಂದು ಸುತ್ತು ಬಂದರು.

"ಶೋದಲ್ಲಿ ಇದ್ದ ಹಾಗೇ ಇದೆ. ಕೂದಲೆಳೆಯಷ್ಟೂ ಬದಲಾಯಿಸಿಲ್ಲ ತಾನೆ?"

"ಇಲ್ಲ ಇಲ್ಲ," ಎಂದರು ಆಯ್ತಾಯ್ತು. ಅವರ ಕಣ್ಣು ನನ್ನ ಕಾಲಿಗೆ ಬಿದ್ದು ಬೇಡುತ್ತಿತ್ತು.

ಎಡ ಎನ್ನಲೋ, ಬಲ ಎನ್ನಲೋ? ಎಡ ಎಂದರೆ ಈಗ ಅಪ್ಪನ ಗೆರೆ, ಅವಳ ಕೈ. ಬಲ ಎಂದರೆ ಅವಳ ಗೆರೆ, ಅಪ್ಪನ ಕೈ. ಯಾವುದನ್ನು ಬಿಟ್ಟರೂ ಈಗ ಇಬ್ಬರನ್ನೂ ಬಿಟ್ಟಂತೆ. ಬಾಯಿ ತೆರೆದೆ, ಸತ್ಯ ಹೊರಬಿತ್ತು.

"ಅಮ್ಮಾ, ಈ ಕಾರಿನ ಎಡಗಡೆ ಬಲಗಡೆ ಬೇರೆ ಬೇರೆ ಇದೆ."

"ಏನಂದ್ರಿ?"

"ಎರಡೂ ಕಡೆ ಒಂದೇ ಥರ ಇಲ್ಲ. ಶೋದಲ್ಲೂ ಇರಲಿಲ್ಲ."

ದೊಡ್ಡಮ್ಮ ಎಡಕ್ಕೆ ಹೋಗಿ ನೋಡಿದರು. ಬಲಕ್ಕೆ ಬಂದು ನೋಡಿದರು. "ಎಲ್ಲಿ?" ಎಂದರು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಎಡದ್ದು ಮರೆಯುವ ಮೊದಲೇ ಬಲ ತಲುಪಬೇಕೆಂದು ಹೆಜ್ಜೆ ಬೀಸಾಯಿತು, ಬೀಸು ನಡಿಗೆ ಓಟವಾಯಿತು. ಕಂಪನಿಯ ಒಡತಿ, ಚಪ್ಪಲಿ ಪಟಪಟ ಎನ್ನಿಸುತ್ತ, ಕೈಚೀಲ ಹಾರಿಸುತ್ತ, ಮಣ್ಣಿನ ಕಾರಿನ ಸುತ್ತ ಓಡುತ್ತಿದ್ದರು. "ಇಳೀತು," ಎಂದು ಈಚೆಯಿಂದ ಕೂಗುತ್ತಿದ್ದರು, "ಹೋಯ್ತು," ಎಂದು ಆಚೆಯಿಂದ. "ಇಳೀತು! ಹೋಯ್ತು! ಅಯ್ಯೋ, ಹೌದಲ್ರೀ!" ಕೊನೆಗೆ ತಲೆ ಗಿರ್ರೆಂದು, ಬಲಗಡೆಯ ತಗ್ಗಿದ ಬಾಗಿಲ ಮೇಲೆ ಮೊಣಕೈ ಊರಿ ಏದುಸಿರು ಬಿಡುತ್ತ ನಿಂತರು.

ಅಪ್ಪ ಆಗಷ್ಟೇ ಮೆತ್ತಿದ್ದ ಕ್ಲೇ. ಇನ್ನೂ ಬಿಸಿಯಾಗಿತ್ತು. ಮೊಣಕೈ ಮೆಲ್ಲಗೆ ಒಳಗೆ ಕೂತಿತು.

"ಅಮ್ಮಾ, ಕೈ!" ಎಂದು ಅಪ್ಪ ಚೀರಿದರು.

ದೊಡ್ಡಮ್ಮ ಕೈ ತೆಗೆಯಲಿಲ್ಲ. ಮೊಣಕೈಯನ್ನು ಆ ಕುಳಿಯಲ್ಲಿ ಸ್ವಲ್ಪ ಆಚೆ ಈಚೆ ಹೊರಳಿಸಿ ನೋಡಿದರು. ಮುಖದಲ್ಲಿ ನಿಧಾನವಾಗಿ ಏನೋ ಅರಳಿತು. ಎತ್ತರ ಕಡಿಮೆಯಿರುವ ಅವರಿಗೆ ಯಾವ ಕಾರಿನ ಬಾಗಿಲೂ ಜೀವಮಾನದಲ್ಲಿ ಇಷ್ಟು ಹಿತವಾಗಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ಬೇರೆ ಬೇರೆ ಇದ್ದರೆ ಖರ್ಚು ಜಾಸ್ತಿಯಾ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಡುವ ಮೊದಲು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಡಗಡೆಯ ಬಾಗಿಲನ್ನು ಬಲಗಡೆಗೆ ಹಾಕಲು ಬರುವುದಿಲ್ಲ. ಯಾವ ಕಾರಿನಲ್ಲೂ ಬರುವುದಿಲ್ಲ. ಎಡಕ್ಕೊಂದು ಅಚ್ಚು, ಬಲಕ್ಕೊಂದು ಅಚ್ಚು, ಹೇಗಿದ್ದರೂ ಮಾಡಲೇಬೇಕು. ಇಷ್ಟು ವರ್ಷ ಎರಡೆರಡು ಅಚ್ಚು ಮಾಡಿ ಒಂದೇ ಗೆರೆಯನ್ನು ಎರಡು ಸಲ ಎಳೆಯುತ್ತಿದ್ದೆವು. ನನಗೂ ತಲೆ ಗಿರ್ರೆಂದಿತು, ಓಡದೆಯೇ.

"ಇಲ್ಲಮ್ಮ," ಎಂದೆ. "ಒಂದು ಚೂರೂ ಇಲ್ಲ! ನಡುವೆ ಕೂಡುವಲ್ಲಿ ಮಾತ್ರ ಆ ಕ್ರೋಮ್ ಪಟ್ಟಿ ಬೇಕು."

"ಅದಂತೂ ಬೇಕೇ ಬೇಕು. ಅದರ ಬಗ್ಗೆ ಬರೆದಿದ್ದನ್ನ ಓದಿ ಅತ್ತಿದ್ದೀನಿ ನಾನು." ಮೊಣಕೈಯನ್ನು ಒಲ್ಲದ ಮನಸ್ಸಿನಿಂದ ಎತ್ತಿದರು. "ಹೀಗೇ ಮಾಡಿ. ಇದನ್ನೂ ಮುಚ್ಚಬೇಡಿ."

"ಆಯ್ತಾಯ್ತು," ಎಂದರು ಆಯ್ತಾಯ್ತು, ಪ್ರಾಣ ವಾಪಸು ಬಂದವರಂತೆ.

ಅವರು ಹೋದ ಮೇಲೆ ಅಪ್ಪ ಆ ಕುಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನಯ ಮಾಡಿದರು. ತಮ್ಮ ಮೊಣಕೈಯನ್ನೂ ಅಲ್ಲಿಟ್ಟು ನೋಡಿದರು. "ಪರವಾಗಿಲ್ಲ," ಎಂದರು ಸೊಸೆಗೆ. ನಲವತ್ತು ವರ್ಷದಲ್ಲಿ ಅವರು ಯಾರ ಕೆಲಸಕ್ಕೂ ಅಷ್ಟು ದೊಡ್ಡ ಹೊಗಳಿಕೆ ಕೊಟ್ಟಿದ್ದನ್ನು ನಾನು ಕೇಳಿರಲಿಲ್ಲ.

ಹೀಗೆ ನಮ್ಮ ಶೆಡ್ಡಿನಲ್ಲಿ ಆ ಕಾರು ಕೈಯಲ್ಲೇ ತಯಾರಾಗತೊಡಗಿತು, ಶೋದಲ್ಲಿದ್ದದ್ದರ ಕನ್ನಡಿ ಬಿಂಬವಾಗಿ. ಶೋ ನೋಡಿ ಬರೆದವರೇ ಬಂದು ನೋಡಿದರು, ಫೋಟೊ ತೆಗೆದರು, ಕಾನ್ಸೆಪ್ಟನ್ನು ಕಿಂಚಿತ್ತೂ ಕೆಡಿಸದೆ ಉಳಿಸಿಕೊಂಡಿದ್ದಾರೆ ಎಂದು ಬರೆದರು. ಮೊದಲ ಕಾರು ಸಿದ್ಧವಾದ ಬೆಳಿಗ್ಗೆ ಅದನ್ನು ಓಡಿಸಿ ನೋಡುವ ಕೆಲಸ ನನ್ನದಾಗಿತ್ತು. ಆದರೆ ಎರಡೇ ಸೀಟು. ಸ್ಟಿಯರಿಂಗಿನ ಹಿಂದೆ ನನ್ನವಳು ಆಗಲೇ ಕೂತಾಗಿತ್ತು, ಮೊಣಕೈ ದೊಡ್ಡಮ್ಮನ ಕುಳಿಯಲ್ಲಿ. ಎಡಗಡೆಯ ಎತ್ತರದ ಬಾಗಿಲ ಹಿಂದೆ ಅಪ್ಪ, ಎರಡೂ ಬೂಟು, ಹೊಸ ಟೋಪಿ.

"ಮಾವ, ಕಾಣ್ತೀರಾ?" ಎಂದು ರೇಗಿಸಿದಳು ಅವಳು.

"ಗೆರೆ ನೋಡೋಕೆ ಬಂದವರಿಗೆ ನಾನ್ಯಾಕೆ ಕಾಣಬೇಕು? ನಡಿ ನಡಿ!"

ಎಂಜಿನ್ ಗುಡುಗಿತು. ನಾನು ರಸ್ತೆಗೆ ಓಡಿದೆ. ಫುಟ್‌ಪಾತಿನಲ್ಲಿ ಅಮ್ಮ ತರಕಾರಿ ಚೀಲ ಹಿಡಿದು ನಿಂತಿದ್ದಳು. ಮಾರುಕಟ್ಟೆಗೆ ಹೊರಟವಳು, ದಾರಿಯಲ್ಲಿ ನೋಡಿಕೊಂಡು ಹೋಗೋಣವೆಂದು ಬಂದೆ ಎಂದಳು. ಮಾರುಕಟ್ಟೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ.

ಗೇಟಿನಿಂದ ಬೆಣ್ಣೆ ಬಣ್ಣದ ಕಾರು ಹೊರಬಂತು. ನಮ್ಮ ಮುಂದಿನಿಂದ, ಎಡಬದಿ ತೋರಿಸುತ್ತ, ಬಿಗಿದ ತಂತಿಯೊಂದನ್ನು ಯಾರೋ ಮೀಟಿದ ಹಾಗೆ ಝಣ್ಣನೆ ಹೋಯಿತು. ಬಾಗಿಲ ಮೇಲೆ ಒಂದು ಟೋಪಿ, ಒಂದು ಮೂಗು. ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ಬಸ್ಸಿನ ಕಿಟಕಿಗಳ ತುಂಬ ಮುಖಗಳು.

"ಅದು ನಿಮ್ಮಪ್ಪನ ಮೂಗು!" ಎಂದಳು ಅಮ್ಮ, ಚೀಲವನ್ನು ಎದೆಗೆ ಅವಚಿಕೊಂಡು. "ಓಡ್ತಾ ಇದೆ ಕಣೋ!"

ರಸ್ತೆಯ ಕೊನೆಯಲ್ಲಿ ಕಾರು ತಿರುಗಿತು. ಆಚೆ ಬದಿಯಿಂದ ವಾಪಸು ಬಂತು. ಈಗ ನಮಗೆ ಕಂಡದ್ದು ಬಲಬದಿ. ಗೆರೆ ಬಾಗಿಲ ಬಳಿ ಜಾರಿ ಭುಜ ಕುಣಿಸಿ ಎದ್ದಿತು, ಮೊಣಕೈ ಹೊರಗಿಟ್ಟ ನನ್ನವಳು ಇಡೀ ಲೋಕಕ್ಕೆ ಕೈ ಬೀಸಿದಳು. ಗಾಳಿಗೆ ಟೋಪಿ ಹಾರೀತೆಂದು ಅಪ್ಪ ಬಗ್ಗಿ ಕೂತಿದ್ದರೋ ಏನೋ, ಅವಳ ಹಿಂದೆ ಅವರು ಕಾಣಲೇ ಇಲ್ಲ.

ಅಮ್ಮ ಆ ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಶೋಗೆ ಬಂದ ಅಷ್ಟು ಜನ, ಪತ್ರಿಕೆಯವರು, ಒಡತಿ, ನಾನು, ಯಾರೂ ಒಂದೇ ನೋಟಕ್ಕೆ ಕಾಣದ್ದನ್ನು ಅವಳು ನಿಂತಲ್ಲೇ ಕಂಡಳು, ತನ್ನದೇ ರೀತಿಯಲ್ಲಿ.

"ಇದು ಬೇರೆ ಕಾರು," ಎಂದಳು. "ಇದೂ ಚೆನ್ನಾಗಿದೆ. ಆದರೆ ನಿಮ್ಮಪ್ಪನ್ನ ಆ ಕಾರಲ್ಲೇ ಬಿಟ್ಟು ಬಂದ್ಲಲ್ಲೋ ಇವಳು!"

"ಅಮ್ಮಾ, ಅದೂ ಇದೂ ಒಂದೇ..."

"ಸುಮ್ನಿರೋ. ನನಗೇನು ಕಣ್ಣಿಲ್ವಾ?"

ಆ ಹೊತ್ತಿಗೆ ಕಾರು ಈ ತುದಿಯಲ್ಲೂ ತಿರುಗಿ ಮತ್ತೆ ನಮ್ಮ ಕಡೆಗೆ ಹೊರಟಿತ್ತು. ಎತ್ತರದ ಬಾಗಿಲು, ಬಿಗಿದ ಗೆರೆ. ಅಪ್ಪ ಈಗ ಸೀಟಿನಲ್ಲಿ ನೆಟ್ಟಗೆ ಎದ್ದು ನಿಂತಿದ್ದರು, ಒಂದು ಕೈಯಲ್ಲಿ ಮುಂದಿನ ಗಾಜಿನ ಚೌಕಟ್ಟು, ಇನ್ನೊಂದರಲ್ಲಿ ಟೋಪಿ, ಬಾಯಿ ತೆರೆದು ಏನೋ ಕೂಗುತ್ತಿದ್ದರು. ನನ್ನವಳು ಒಂದು ಕೈಯಲ್ಲಿ ಅವರ ಅಂಗಿಯ ಅಂಚು ಹಿಡಿದು ಜಗ್ಗುತ್ತಿದ್ದಳು. ಅಮ್ಮ ತರಕಾರಿ ಚೀಲವನ್ನು ತಲೆಯ ಮೇಲೆತ್ತಿ ಬೀಸುತ್ತ, ಸೈಕಲ್ಲಿನವನನ್ನು ಪಕ್ಕಕ್ಕೆ ತಳ್ಳಿ ರಸ್ತೆಗೇ ಇಳಿದಳು.

"ಅಗೋ," ಎಂದು ಕೂಗಿದಳು, ಬಸ್ಸಿನವರಿಗೆಲ್ಲ ಕೇಳುವ ಹಾಗೆ, "ಅಗೋ, ನಮ್ಮ ಮನೆಯವರ ಕಾರು ಬಂತು!"